ಮಹಾನಂದಾ ಬರೆದ ಒಂದು ಸಾಲು

ಬೈಲಹೊಂಗಲದ ದೇವಕ್ಕನವರ ಹೆಸರು ಪೇಪರಿನಲ್ಲಿ ಬಂದಾಗಲೆಲ್ಲ ಅದರ ಹಿಂದೆ ಮಹಾನಂದಾ ಇರುತ್ತಿದ್ದಳು. ಓದುವವರಿಗೆ ಅದು ಗೊತ್ತಾಗುತ್ತಿರಲಿಲ್ಲ. ದೇವಕ್ಕ ರಾಮದುರ್ಗದಲ್ಲಿ ನೇಕಾರ ಹೆಣ್ಣುಮಕ್ಕಳ ಸಭೆ ನಡೆಸಿದರೆ, ಸಂಜೆ ಐದರೊಳಗೆ ಸುದ್ದಿ, ಫೋಟೊ ಎರಡನ್ನೂ ಪತ್ರಿಕಾ ಕಚೇರಿಗಳಿಗೆ ಮುಟ್ಟಿಸುವವಳು ಅವಳು. ಯಾವ ವರದಿಗಾರ ಸಕ್ಕರೆ ಹಾಕದ ಚಹಾ ಕುಡಿಯುತ್ತಾನೆ, ಯಾರು ಭಾಷಣ ಮುಗಿಯುವ ಮೊದಲೇ ಎದ್ದು ಹೋಗುತ್ತಾರೆ, ಯಾರಿಗೆ ಮರುದಿನ ಮತ್ತೊಮ್ಮೆ ನೆನಪು ಮಾಡಬೇಕು ಎಂಬುದೆಲ್ಲ ಅವಳ ತಲೆಯಲ್ಲಿತ್ತು. ಹೆಗಲಿನ ಚೀಲದಲ್ಲಿ ಕ್ಯಾಮೆರಾ, ದೇವಕ್ಕನ ಬಿಪಿ ಮಾತ್ರೆ, ಇನ್ನೊಂದು ಜೊತೆ ಕನ್ನಡಕ, ನಾಲ್ಕು ಸೇಫ್ಟಿ ಪಿನ್ನು ಯಾವಾಗಲೂ ಇರುತ್ತಿದ್ದವು. ದೇವಕ್ಕ ವೇದಿಕೆ ಹತ್ತುವ ಮುಂಚೆ ಅವರ ಸೆರಗು ಸರಿಪಡಿಸಿ, ಮಾತಿನ ಚೀಟಿ ಕೈಗಿಟ್ಟು, ಆಮೇಲೆ ಯಾವ ಫೋಟೊದಲ್ಲೂ ಬೀಳದ ಹಾಗೆ ಮೂಲೆಗೆ ಸರಿದು ನಿಲ್ಲುವುದು ಅವಳಿಗೆ ಹದಿನೆಂಟು ವರ್ಷಗಳಿಂದ ರೂಢಿಯಾಗಿತ್ತು.

ಮಹಾನಂದಾ ಉಗರಗೋಳದವಳು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಅವಳ ತಂದೆ ಲಗಮಪ್ಪನದು ತಗಡಿನದೊಂದು ಫೋಟೊ ಅಂಗಡಿ ಇತ್ತು. ಹಿಂದೆ ಕೆರೆ, ಹಂಸ ಬರೆದ ಪರದೆ. ಪಕ್ಕದ ಮೊಳೆಗೆ ಒಂದು ಕರಿ ಕೋಟು. ದೇವಿಗೆ ಬಂದ ಜನರಲ್ಲಿ ಬಹಳ ಮಂದಿಗೆ ಜೀವಮಾನದಲ್ಲಿ ಅದೊಂದೇ ಫೋಟೊ. ಲಗಮಪ್ಪ ಗಂಡಸರಿಗೆ ಕೋಟು ತೊಡಿಸುತ್ತಿದ್ದ, ಹೆಂಗಸರ ಕೈಗೆ ಕನ್ನಡಿ, ಪೌಡರ್ ಡಬ್ಬಿ ಕೊಡುತ್ತಿದ್ದ, ಹೇಗೆ ಕಾಣಬೇಕು ಅಂತೀರಿ ಎಂದು ಕೇಳಿಕೊಂಡೇ ಬಟನ್ ಒತ್ತುತ್ತಿದ್ದ. ಮಹಾನಂದಾ ಸಾಲೆ ಬಿಟ್ಟ ಮೇಲೆ ಅಲ್ಲೇ ದೀಪ ಹಿಡಿದು ನಿಂತು ಕ್ಯಾಮೆರಾ ಕಲಿತಳು. ಸವದತ್ತಿಯಲ್ಲಿ ಬಿ.ಎ. ಮುಗಿಸಿ ಬೈಲಹೊಂಗಲದ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪು ಮಾಡುವ ಕೆಲಸಕ್ಕೆ ಸೇರಿದಳು. ತಂಗಿಯ ಲಗ್ನಪತ್ರಿಕೆ ಮಾಡಿಸಲು ಬಂದ ಬಸ್ ಕಂಡಕ್ಟರ್ ಬಾಳು ಮೂರು ಸಲ ತಿದ್ದುಪಡಿ ಹೇಳಿಕೊಂಡು ಬಂದು, ನಾಲ್ಕನೇ ಸಲ ತನ್ನ ಅವ್ವನನ್ನೇ ಕರೆದುಕೊಂಡು ಬಂದ. ಹಾಗೆ ಅವಳ ಮದುವೆಯಾಯಿತು.

ದೇವಕ್ಕನವರು ಬಂದದ್ದೂ ಅದೇ ಮುದ್ರಣಾಲಯಕ್ಕೆ. ದೊಡ್ಡ ಒಕ್ಕಲುತನದ ಮನೆತನದ ಸೊಸೆ ಅವರು. ಮೂವತ್ತರ ಆಸುಪಾಸಿನಲ್ಲಿ, ತಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವ ಹೆಂಗಸರನ್ನು ಕೂಡಿಸಿ, ದಿನಾ ಅಡಿಗೆ ಮಾಡುವಾಗ ಒಂದು ಹಿಡಿ ಕಾಳು ಗಡಿಗೆಗೆ ಹಾಕಿಡಿ ಎಂದು ಹೇಳಿದ್ದರು. ಗಡಿಗೆ ತುಂಬಿದಾಗ ಯಾರ ಮನೆಯಲ್ಲಿ ಅಡಚಣೆಯೋ ಅವರಿಗೆ ಅದು ಸಾಲ. ಆ ಗಡಿಗೆಯಿಂದಲೇ 'ಹಿಡಿಕಾಳು' ಎಂಬ ಸಂಸ್ಥೆ ಬೆಳೆಯಿತು. ಏನೂ ಅಡವಿಡದ ಹೆಣ್ಣುಮಕ್ಕಳಿಗೆ ಸಣ್ಣ ಸಾಲ, ಅದರ ಜೊತೆಗೆ ಒಂದು ಕಸುಬು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಸಂಘವಿಲ್ಲದ ಓಣಿ ಇಲ್ಲ ಎನ್ನುವ ಮಟ್ಟಿಗೆ ಹಬ್ಬಿತು. ದೆಹಲಿಯಿಂದ, ಹೊರದೇಶದಿಂದ ಜನ ನೋಡಲು ಬರತೊಡಗಿದರು.

ಅವತ್ತು ದೇವಕ್ಕ ತಂದ ಕರಪತ್ರದಲ್ಲಿ 'ಅರ್ಹ ಬಡ ಮಹಿಳೆಯರಿಗೆ ಸಾಲ ಸೌಲಭ್ಯ ಒದಗಿಸಲಾಗುವುದು' ಎಂದಿತ್ತು. ಮಹಾನಂದಾ ಟೈಪು ಮಾಡುತ್ತಲೇ, ಇದು ಯಾರಿಗೆ ಹೇಳಿದ್ದು ಅಂತ ಓದುವ ಹೆಂಗಸಿಗೆ ತಿಳಿಯುವುದಿಲ್ಲ, 'ನಿಮಗೆ ಕೊಡುತ್ತೇವೆ, ಬನ್ನಿ' ಎಂದು ಹಾಕಲೇ ಎಂದು ಕೇಳಿದಳು. ದೇವಕ್ಕ ಕನ್ನಡಕ ಇಳಿಸಿ ಅವಳನ್ನು ಒಂದು ಗಳಿಗೆ ನೋಡಿದರು. ಮುಂದಿನ ಸೋಮವಾರದಿಂದ ಮಹಾನಂದಾ ಹಿಡಿಕಾಳಿನ ಪ್ರಚಾರ ವಿಭಾಗದಲ್ಲಿದ್ದಳು. ವಿಭಾಗ ಎಂದರೆ ಅವಳೊಬ್ಬಳೇ.

ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ದೇವಕ್ಕನವರಿಗೆ ಮೊದಲ ದೊಡ್ಡ ಪ್ರಶಸ್ತಿ ಬರುವ ಸೂಚನೆ ಇತ್ತು. ದೆಹಲಿಯಿಂದ ಒಂದು ಪತ್ರ ಬಂತು. ಸಂಸ್ಥೆಯಿಂದ ಬದುಕು ಬದಲಾದ ಒಬ್ಬ ಮಹಿಳೆಯ ಎರಡು ಫೋಟೊ, ಮೊದಲಿನದು ಮತ್ತು ಈಗಿನದು, ಜೊತೆಗೆ ಎರಡು ಸಾಲಿನ ವಿವರಣೆ, ಮೂರು ದಿನದೊಳಗೆ ಬೇಕು ಎಂದಿದ್ದರು. ಮಹಾನಂದಾಗೆ ತಟ್ಟನೆ ನೆನಪಾದವಳು ಹೂಲಿಯ ಇಂದ್ರವ್ವ. ಸಂಘದ ಸಾಲದಿಂದ ಹಂಚು, ಹಿಟ್ಟು ತಂದು ಖಡಕ್ ರೊಟ್ಟಿ ಬಡಿದು ಸವದತ್ತಿಯ ಖಾನಾವಳಿಗಳಿಗೆ ಕೊಡುತ್ತಿದ್ದಳು. ನಗುವ ಮುಖ, ಅವಳ ಹಿಂದೆ ಸೊಂಟದೆತ್ತರಕ್ಕೆ ಪೇರಿಸಿದ ರೊಟ್ಟಿ. ಆ ಫೋಟೊ ಮಹಾನಂದಾಳ ಹತ್ತಿರ ಆಗಲೇ ಇತ್ತು. ಇಲ್ಲದ್ದು ಮೊದಲಿನ ಫೋಟೊ. ಬಡತನದ ದಿನಗಳಲ್ಲಿ ಇಂದ್ರವ್ವನ ಫೋಟೊ ಯಾರು ತೆಗೆದಾರು?

ಮಹಾನಂದಾ ಹೂಲಿಗೆ ಹೋದಳು. ಇಂದ್ರವ್ವನ ಮನೆಯಲ್ಲಿ ಕೌದಿ ಹೊಲಿಯಲು ಕಟ್ಟಿಟ್ಟ ಹಳೆ ಬಟ್ಟೆಯ ಗಂಟು ಇತ್ತು. ಅದರಿಂದ ಹರಿದ ಸೀರೆಯೊಂದನ್ನು ಎಳೆದು, ಇದನ್ನು ಉಟ್ಟುಕೊಂಡು ಒಲೆಯ ಮುಂದೆ ಸುಮ್ಮನೆ ಕುಳಿತುಕೊಳ್ಳಿ ಎಂದಳು. ಇಂದ್ರವ್ವ ನಕ್ಕಳು. ದೇವಕ್ಕಾರಿಗೆ ಚಲೋ ಆಗುವುದಿದ್ದರೆ ಏನು ಬೇಕಾದರೂ ಉಡುತ್ತೇನೆ ಎಂದಳು. ಉರಿಯುವ ಒಲೆಗೆ ನೀರು ಚಿಮುಕಿಸಿ ಆರಿಸಿದರು. ನಗಬೇಡಿ ಎಂದು ಎರಡು ಮೂರು ಸಲ ಹೇಳಬೇಕಾಯಿತು. ಗಂಡ ಮುತ್ತಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿದ್ದ.

ಆಫೀಸಿಗೆ ಬಂದು ಕೆಳಗಿನ ಸಾಲು ಬರೆಯಲು ಕುಳಿತಳು. ಇಂದ್ರವ್ವನ ಮನೆಗೆ ಬಡತನ ಯಾಕೆ ಬಂದಿತ್ತು ಎಂದು ಅವಳು ಕೇಳಿರಲಿಲ್ಲ. ಸಂಘದ ಹತ್ತು ಕಥೆಗಳಲ್ಲಿ ಎಂಟರಲ್ಲಿ ಕುಡುಕ ಗಂಡ ಇರುತ್ತಿದ್ದ. ಹೊತ್ತು ಮೀರುತ್ತಿತ್ತು. 'ಗಂಡ ದುಡಿದದ್ದನ್ನೆಲ್ಲ ಕುಡಿದು ಕಳೆಯುತ್ತಿದ್ದ. ಇಂದ್ರವ್ವನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ' ಎಂದು ಬರೆದು ಕಳಿಸಿಬಿಟ್ಟಳು.

ಆ ಫೋಟೊ, ಆ ಸಾಲು ಎಲ್ಲೆಲ್ಲೋ ಹೋದವು. ಪ್ರಶಸ್ತಿ ಬಂತು. ಹಿಡಿಕಾಳಿನ ಕ್ಯಾಲೆಂಡರಿನ ಮೇಲೆ, ವಾರ್ಷಿಕ ವರದಿಯ ಮೇಲೆ, ಆಮೇಲೆ ನಾಲ್ಕೂ ತಾಲೂಕಿನ ಸಾಲೆ, ಪಂಚಾಯಿತಿಗಳ ಗೋಡೆಯ ಮೇಲೆ ಬಣ್ಣದಲ್ಲಿ ಇಂದ್ರವ್ವ ಮೂಡಿದಳು. ಎಡಕ್ಕೆ ಹರಕು ಸೀರೆ, ಬಲಕ್ಕೆ ರೊಟ್ಟಿ, ನಡುವೆ ಆ ಸಾಲು. ದೇವಕ್ಕ ಭಾಷಣದಲ್ಲಿ ಹೂಲಿಯ ನನ್ನ ಇಂದ್ರವ್ವ ಎಂದು ಶುರುಮಾಡಿದರೆ ದೆಹಲಿಯ ಸಭೆಗಳಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಲಗಮಪ್ಪ ಆಗ ಅಂಗಡಿ ಮುಚ್ಚಿ ಮಗಳ ಮನೆಗೆ ಬಂದಿದ್ದ. ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿ, ಆ ಮಬ್ಬು ಬೆಳಕು ಚೆನ್ನಾಗಿ ಹಿಡಿದಿದ್ದೀ ಎಂದ. ಆಮೇಲೆ ಮೆಲ್ಲಗೆ ಹೇಳಿದ.

"ನಾ ಮಂದಿಗಿ ಇಲ್ಲದ ಕೋಟ್ ತೊಡಿಸಿ ಫೋಟೊ ತಗದೆ ಮಗಳ. ನೀ ಹರಕ ಸೀರಿ ಉಡಿಸಿ ತಗದಿ. ಆಕಿನ್ನ ಕೇಳಿದ್ಯಿಲ್ಲೋ, ಹೆಂಗ ಕಾಣಬೇಕಂತಿ ಅಂತ?"

ಮಹಾನಂದಾಗೆ ಸಿಟ್ಟು ಬಂತು. ಈ ಫೋಟೊದಿಂದ ಎಷ್ಟು ಹೆಣ್ಣುಮಕ್ಕಳಿಗೆ ಅನುಕೂಲವಾಗಿದೆ ನಿನಗೇನು ಗೊತ್ತು ಎಂದಳು. ಲಗಮಪ್ಪ ಇರಬಹುದು ಎಂದ. ಎರಡು ವರ್ಷದ ಮೇಲೆ ತೀರಿಕೊಂಡ. ಆ ಮಾತನ್ನು ಅವರಿಬ್ಬರೂ ಮತ್ತೆ ಎತ್ತಿರಲಿಲ್ಲ.

ಹನ್ನೊಂದು ವರ್ಷ ಕಳೆದವು. ದೇವಕ್ಕನವರಿಗೆ ಎಪ್ಪತ್ತೆರಡು. ಹೋದ ವರ್ಷ ಹೊರದೇಶದ ಒಂದು ಪ್ರತಿಷ್ಠಾನ, ಬಡತನದ ವಿರುದ್ಧ ದುಡಿದವರಿಗೆ ಕೊಡುವ ತನ್ನ ಪ್ರಶಸ್ತಿಗೆ ಅವರನ್ನು ಆರಿಸಿತು. ಅದರ ಪ್ರಚಾರ ನೋಡಿಕೊಳ್ಳಲು ಬೆಂಗಳೂರಿನ ಒಂದು ಏಜೆನ್ಸಿಯಿಂದ ಮಧು ಎಂಬ ಮೂವತ್ತು ದಾಟಿದ ಯುವಕ ಬಂದ. ಧಾರವಾಡದ ಕಡೆಯವನೇ, ಮರ್ಯಾದೆಯ ಮನುಷ್ಯ. ಮಹಾನಂದಾ ಒಬ್ಬಳೇ ಇಷ್ಟೆಲ್ಲ ಮಾಡಿದ್ದು ನೋಡಿ ನಿಜವಾಗಿಯೂ ಬೆರಗಾದ. ಕಿರುಚಿತ್ರ ಆಗಬೇಕು, ಅದರ ಮೊದಲ ದೃಶ್ಯದಲ್ಲೇ ಫೋಟೊದಲ್ಲಿರುವ ಇಂದ್ರವ್ವ ಬಂದು ಮಾತಾಡಬೇಕು ಎಂದ. ಹೂಲಿಗೆ ಹೋಗಿ ಅವಳನ್ನು ಒಪ್ಪಿಸಿ ಬರುವ ಕೆಲಸ ಮಹಾನಂದಾಳದು.

ಅಲ್ಲಿಗೆ ಹೋಗಿ ಎಷ್ಟು ವರ್ಷವಾಯಿತು ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿದಾಗ ಅವಳಿಗೇ ನಾಚಿಕೆಯಾಯಿತು. ಊರೊಳಗೆ ಕಾಲಿಟ್ಟ ಕೂಡಲೇ ಪಂಚಾಯಿತಿ ಗೋಡೆಯ ಮೇಲೆ ಇಂದ್ರವ್ವನ ಚಿತ್ರ ಕಂಡಿತು. ಮಳೆ ಬಿಸಿಲಿಗೆ ಬಣ್ಣ ಹೋಗಿತ್ತು. ಆದರೆ ನಡುವಿನ ಸಾಲನ್ನು ಯಾರೋ ಕಲ್ಲಿನಿಂದ ಕೆರೆದಂತಿತ್ತು. ಹುಡುಗರ ಕಿತಾಪತಿ ಇರಬೇಕೆಂದುಕೊಂಡು ಮುಂದೆ ಹೋದಳು.

ಇಂದ್ರವ್ವ ಅಂಗಳದಲ್ಲಿ ರೊಟ್ಟಿ ಒಣಗಿಸುತ್ತಿದ್ದಳು. ಬನ್ನಿ ಎಂದಳು, ಚಾಪೆ ಹಾಸಿದಳು, ನೀರು ಕೊಟ್ಟಳು. ಹಿಂದಿನ ನಗು ಇರಲಿಲ್ಲ. ಮಹಾನಂದಾ ಪ್ರಶಸ್ತಿಯ ಸುದ್ದಿ ಹೇಳಿದಳು, ಕಿರುಚಿತ್ರದ ವಿಷಯ ಹೇಳಿದಳು. ಇಂದ್ರವ್ವ ರೊಟ್ಟಿಗಳನ್ನು ಒಂದೊಂದಾಗಿ ತಿರುವಿ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಅಕ್ಕಾರಿಗಿ ಪ್ರಶಸ್ತಿ ಬಂದದ್ದು ಭಾಳ ಸಂತೋಷ ಆತ್ರಿ," ಎಂದಳು ಕೊನೆಗೆ. "ನಾ ಮಾತ್ರ ಬರಾಂಗಿಲ್ಲ."

ಯಾಕೆ ಎಂದು ಮಹಾನಂದಾ ಕೇಳಿದಳು. ಇಂದ್ರವ್ವ ಕೈಯ ಹಿಟ್ಟು ಒರೆಸಿಕೊಂಡು ಎದುರಿಗೆ ಕುಳಿತಳು.

"ಹ್ವಾದ ವರ್ಷ ನಮ್ಮ ಸಂಘದಾಗ ಓದಾಕ ಬರ್ಯಾಕ ಕಲಸಾಕ ಶುರು ಮಾಡಿದ್ರಲ್ರಿ, ಮಧ್ಯಾಹ್ನ. ನಾನೂ ಹ್ವಾದೆ. ಆರ್ ತಿಂಗಳಿಗಿ ಬಸ್ಸಿನ ಬೋರ್ಡ್ ಓದಾಕ ಬಂತು. ಒಂದಿನ ಪಂಚಾಯ್ತಿ ಮುಂದ ಹೊಂಟಿದ್ದೆ. ನಂದ ಚಿತ್ರ, ಇಷ್ಟ್ ವರ್ಷ ಕೆಳಗ ಏನ್ ಬರದಾರ ಓದೂಣ ಅಂತ ನಿಂತೆ. ಒಂದೊಂದ ಅಕ್ಷರ ಕೂಡಿಸಿ ಕೂಡಿಸಿ ಓದಿದೆ."

ಮಹಾನಂದಾ ನೀರಿನ ತಂಬಿಗೆ ಕೆಳಗಿಟ್ಟಳು.

"ನನ್ನ ಗಂಡ ಜಲ್ಮದಾಗ ಒಂದ ಹನಿ ಕುಡದಿಲ್ರಿ."

ಆಮೇಲೆ ಇಂದ್ರವ್ವ ನಡೆದದ್ದನ್ನು ಹೇಳಿದಳು. ಮುತ್ತಪ್ಪ ಸವದತ್ತಿಯಲ್ಲಿ ಕಟ್ಟಡದ ಸಾರವೆಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದ. ಹನ್ನೊಂದು ತಿಂಗಳು ಮನೆಯಲ್ಲೇ. ಆಗಲೇ ಅವಳು ಸಂಘದ ಸಾಲ ತೆಗೆದುಕೊಂಡು ರೊಟ್ಟಿಗೆ ಕುಳಿತದ್ದು. ಒಬ್ಬಳ ಕೈಯಲ್ಲಿ ಆಗುತ್ತಿರಲಿಲ್ಲ. ಮುತ್ತಪ್ಪ ಮುರಿದ ಕಾಲು ಚಾಚಿಕೊಂಡು ಅವಳ ಪಕ್ಕ ಕುಳಿತು ಹಿಟ್ಟು ನಾದಿದ. ಬಡಿಯುವುದನ್ನೂ ಕಲಿತ. ಗಂಡಸು ರೊಟ್ಟಿ ಬಡಿಯುತ್ತಾನೆ ಎಂದು ಓಣಿಯವರು ನಕ್ಕಾರೆಂದು ಬಾಗಿಲು ಹಾಕಿಸುತ್ತಿದ್ದ. ಮಹಾನಂದಾ ತೆಗೆದ ಆ ಇನ್ನೊಂದು ಫೋಟೊದಲ್ಲಿ ಸೊಂಟದೆತ್ತರಕ್ಕಿದ್ದ ರೊಟ್ಟಿಯಲ್ಲಿ ಅರ್ಧ ಅವನು ಬಡಿದದ್ದು.

"ಅವ್ರಿಗಿ ಓದಾಕ ಬರ್ತೈತ್ರಿ. ಏಳನೇತ್ತಾ ತನಕ ಕಲ್ತಾರ," ಎಂದಳು ಇಂದ್ರವ್ವ. "ಗೋಡಿ ಮ್ಯಾಲ ಬರದ ದಿನಾನ ಓದ್ಯಾರ. ಏನ್ ಬರದಾರ್ರಿ ಅಂತ ನಾ ಕೇಳಿದ್ರ, ನೀ ಚಲೋ ರೊಟ್ಟಿ ಬಡೀತಿ ಅಂತ ಬರದಾರ ಅಂದಿದ್ರು."

ಅಂಗಳದಲ್ಲಿ ಕಾಗೆಯೊಂದು ರೊಟ್ಟಿಗೆ ಬಾಯಿ ಹಾಕಲು ಬಂತು. ಇಂದ್ರವ್ವ ಎದ್ದು ಓಡಿಸಿ ಬಂದಳು. ಮಹಾನಂದಾ ತಲೆ ತಗ್ಗಿಸಿ ಕುಳಿತೇ ಇದ್ದಳು. ಆ ಸಾಲು ತಾನೇ ಬರೆದದ್ದು, ಯಾರನ್ನೂ ಕೇಳದೆ ಬರೆದದ್ದು ಎಂದು ಹೇಳಿದಳು. ಗೋಡೆ ಕೆರೆದದ್ದು ನಾನೇ ಎಂದು ಇಂದ್ರವ್ವ ಕೂಡ ಹೇಳಿದಳು.

ಮುತ್ತಪ್ಪ ಸವದತ್ತಿ ಬಸ್ ಸ್ಟ್ಯಾಂಡಿಗೆ ರೊಟ್ಟಿ ಪಾಕೀಟು ಮುಟ್ಟಿಸಿ ಮೋಟಾರ್ ಸೈಕಲ್ಲಿನಲ್ಲಿ ಬಂದ. ತೆಳ್ಳನೆಯ, ಕಾಲು ತುಸು ಎಳೆಯುವ ಮನುಷ್ಯ. ಹೆಂಡತಿಯ ಮುಖ, ಬಂದವಳ ಮುಖ ನೋಡಿ ಏನಾಗಿದೆ ಎಂದು ತಿಳಿದುಕೊಂಡ. ಮಹಾನಂದಾ ಎದ್ದು ನಿಂತು ಕೈ ಮುಗಿದಳು.

"ಅಣ್ಣಾರ, ತಪ್ಪು ನಂದ್ರಿ. ನಿಮ್ಮನ್ನ ಒಂದ ಮಾತ ಕೇಳಬೇಕಿತ್ತು."

ಮುತ್ತಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. ಚಹಾ ಆಗಿದೆಯೇನು ಎಂದು ಹೆಂಡತಿಯನ್ನು ಕೇಳಿದ. ಚಹಾ ಬಂದು, ಕುಡಿದು ಕಪ್ಪು-ಬಸಿ ಕೆಳಗಿಟ್ಟ ಮೇಲೆ ಮಾತಾಡಿದ.

"ಮೊದಮೊದಲಿಗಿ ಭಾಳ ತ್ರಾಸ ಆತ್ರಿ. ಚಹಾದಂಗಡಿಗಿ ಹೋಗೂದು ಬಿಟ್ಟೆ. ಆದ್ರ ಆಕಿ ಆ ಚಿತ್ರ ನೋಡಿ ಅಷ್ಟ್ ಖುಷಿ ಪಡತಿದ್ಳು. ಯಾಕ ಕೆಡಸಬೇಕು ಅಂತ ಸುಮ್ನಾದೆ. ಓಣ್ಯಾಗಿನ ಮಂದಿಗೂ ಆಕಿಗಿ ಹೇಳಬ್ಯಾಡ್ರಿ ಅಂದಿದ್ದೆ."

ವಾಪಸ್ಸು ಬರುವ ಬಸ್ಸಿನಲ್ಲಿ ಮಹಾನಂದಾ ಕಿಟಕಿಗೆ ತಲೆ ಆನಿಸಿ ಅತ್ತಳು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಬಾಳುವಿನ ಗೆಳೆಯ. ಏನು ವೈನಿ, ಆರಾಮಿಲ್ಲೇನು ಎಂದ. ತಲೆನೋವು ಎಂದಳು.

ಬೈಲಹೊಂಗಲದಲ್ಲಿ ಇಳಿದು ಮನೆಗೆ ಹೋಗದೆ ದೇವಕ್ಕನವರಲ್ಲಿಗೆ ಹೋದಳು. ಅವರು ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದರು. ಕೈ ಸುಮ್ಮನಿದ್ದರೆ ಬೆರಳು ಹಿಡಿಯುತ್ತವೆ ಎಂದು ಏನಾದರೊಂದು ಮಾಡುತ್ತಲೇ ಇರುವ ಹೆಂಗಸು. ಮಹಾನಂದಾ ಎದುರಿಗೆ ಕುಳಿತು, ಒಂದನ್ನೂ ಬಿಡದೆ ಹೇಳಿದಳು. ಕೆಲಸ ಬಿಡುತ್ತೇನೆ ಎಂದೂ ಹೇಳಿದಳು.

ದೇವಕ್ಕ ಮುಂದಿದ್ದ ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದರು.

"ನೀ ಒಮ್ಮಿ ಬರದಿ ನಂದಾ. ನಾ ನೂರ ಸಲ ಹೇಳೀನಿ. ಹೂಲಿಗಿ ಎಷ್ಟ್ ಸಲ ಹೋಗಿಲ್ಲ ನಾ? ಒಮ್ಮೆರ ಆ ಮುತ್ತಪ್ಪನ್ನ ಮಾತಾಡಸಬೇಕು ಅನಸ್ಲಿಲ್ಲ ನನಗ. ಕುಡುಕ ಅಂತ ತಿಳ್ಕೊಂಡ, ಮಾರಿ ನೋಡದ ಬಂದೀನಿ."

ಅವರ ಕಣ್ಣು ತುಂಬಿದ್ದನ್ನು ಮಹಾನಂದಾ ಆ ಮೊದಲು ನೋಡಿರಲಿಲ್ಲ. ಗಂಡ ಸತ್ತಾಗಲೂ ಮೂರನೇ ದಿನಕ್ಕೆ ಸಂಘದ ಸಭೆ ನಡೆಸಿದವರು ಎಂದು ಜನ ಹೇಳುತ್ತಿದ್ದರು. ಕೆಲಸ ಬಿಡುವ ಮಾತಿಗೆ ಅವರು ಉತ್ತರವನ್ನೇ ಕೊಡಲಿಲ್ಲ. ನಾಳೆ ಗಾಡಿ ತರಿಸು, ಹೂಲಿಗೆ ಹೋಗೋಣ ಎಂದಷ್ಟೇ ಹೇಳಿ, ಊಟಕ್ಕೆ ಕೂರಿಸಿದರು.

ಮರುದಿನ ಮಧುವೂ ಜೊತೆಗೆ ಬಂದ. ದಾರಿಯುದ್ದಕ್ಕೂ ಅವನಿಗೆ ಆತಂಕ. ಆ ಫೋಟೊ ಹಾಕಿದ ಪುಸ್ತಿಕೆ, ಪೋಸ್ಟರು ಎಲ್ಲ ಅಚ್ಚಾಗಿದ್ದವು. ಈಗ ತಪ್ಪು ಒಪ್ಪಿಕೊಂಡರೆ ಉಳಿದದ್ದೂ ಸುಳ್ಳೆಂದು ಯಾರಾದರೂ ಕಥೆ ಕಟ್ಟಬಹುದು, ಸದ್ದಿಲ್ಲದೆ ಆ ಫೋಟೊ ತೆಗೆದುಬಿಟ್ಟರೆ ಸಾಕಲ್ಲವೇ ಎಂದ. ಅವನು ಹೇಳಿದ್ದರಲ್ಲಿ ಅರ್ಥವಿಲ್ಲದೆ ಇರಲಿಲ್ಲ. ದೇವಕ್ಕ, ಹೇಳುವಾಗ ಸದ್ದು ಮಾಡಿ ಹೇಳಿದ್ದೇವೆ ತಮ್ಮಾ ಎಂದರು.

ಇಂದ್ರವ್ವನ ಮನೆಯಲ್ಲಿ ದೇವಕ್ಕ ಚಾಪೆಯ ಮೇಲೆ ಕುಳಿತು, ಮುತ್ತಪ್ಪನನ್ನು ಎದುರಿಗೆ ಕೂರಿಸಿಕೊಂಡು ಅವನ ಕಾಲಿನ ನೋವು ವಿಚಾರಿಸಿದರು; ಚಳಿಗಾಲದಲ್ಲಿ ಹಿಡಿಯುತ್ತದೇನು, ಎಣ್ಣೆ ತಿಕ್ಕುತ್ತೀರೇನು ಎಂದು. ಆಮೇಲೆ ಕ್ಷಮೆ ಕೇಳಿದರು. ಮುತ್ತಪ್ಪ ಮುಜುಗರದಿಂದ ಎದ್ದು ನಿಂತುಬಿಟ್ಟ. ಇಂದ್ರವ್ವ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಊಟದ ನಡುವೆ ಬಾಗಿಲು ಹಾಕಿಕೊಂಡು ರೊಟ್ಟಿ ಬಡಿದ ಮಾತು ಬಂದಾಗ ಮಧುವಿನ ಕೈ ತುತ್ತಿನ ಮೇಲೆಯೇ ನಿಂತಿತು. ಇದು ಹಳೆಯ ಕಥೆಗಿಂತ ಎಷ್ಟೋ ದೊಡ್ಡದು, ಇದನ್ನೇ ಚಿತ್ರ ಮಾಡೋಣ ಎಂದ. ಮಹಾನಂದಾಗೂ ಒಳಗೊಳಗೇ ಹಾಗನಿಸಿತ್ತು. ಆದರೆ ಅವಳು ಮುತ್ತಪ್ಪನ ಕಡೆ ತಿರುಗಿ ಕೇಳಿದಳು.

"ನೀವು ಏನಂತೀರಿ ಅಣ್ಣಾರ?"

ಮುತ್ತಪ್ಪ ತಲೆ ಅಲ್ಲಾಡಿಸಿದ. "ಬ್ಯಾಡ್ರಿ. ಅದು ನಮ್ಮ ಮನಿಯೊಳಗಿಂದು."

ಅಲ್ಲಿಗೆ ಆ ಮಾತು ಮುಗಿಯಿತು.

ಪ್ರಶಸ್ತಿಗೆ ಹೋಗುವ ಮುಂಚೆ ಕಿತ್ತೂರಿನಲ್ಲಿ ಸಂಘಗಳ ವಾರ್ಷಿಕ ಸಭೆ ಇತ್ತು. ಪೇಪರಿನವರು, ಟಿವಿಯವರು ಬಂದಿದ್ದರು. ದೇವಕ್ಕನ ಮಾತು ಬರೆದುಕೊಟ್ಟವಳು ಎಂದಿನಂತೆ ಮಹಾನಂದಾಳೇ. ಅದರಲ್ಲಿ 'ನಮ್ಮ ಪ್ರಚಾರ ಸಿಬ್ಬಂದಿಯಿಂದಾದ ತಪ್ಪಿಗಾಗಿ' ಎಂದು ಬರೆದಿದ್ದಳು. ದೇವಕ್ಕ ಚೀಟಿ ಓದಿ, ಅವಳ ಪೆನ್ನನ್ನೇ ಇಸಿದುಕೊಂಡು ಆ ಮಾತನ್ನು ಹೊಡೆದುಹಾಕಿ ವೇದಿಕೆ ಹತ್ತಿದರು.

ಮೊದಲು ಬೆಳೆ, ಮಳೆ, ಸಂಘದ ಸುದ್ದಿ ಹೇಳಿದರು. ಆಮೇಲೆ ಚೀಟಿ ಮಡಚಿಟ್ಟರು. ಹನ್ನೊಂದು ವರ್ಷ ಹೂಲಿಯ ಮುತ್ತಪ್ಪನವರನ್ನು ಕುಡುಕ ಎಂದು ಊರೂರಲ್ಲಿ ಹೇಳಿದ್ದೇನೆ, ಅದು ಸುಳ್ಳು, ಅವರು ಕುಡಿದವರಲ್ಲ, ಬಿದ್ದು ಕಾಲು ಮುರಿದುಕೊಂಡವರು, ಕೇಳದೆ ಮಾಡದೆ ಮಾತಾಡಿದ ತಪ್ಪು ನನ್ನದು ಎಂದರು. ಮುತ್ತಪ್ಪ ಬರುವುದಿಲ್ಲ ಎಂದವನು ಹೆಂಡತಿಯ ಒತ್ತಾಯಕ್ಕೆ ಬಂದು ಕೊನೆಯ ಸಾಲಿನಲ್ಲಿ ಕಂಬದ ಹತ್ತಿರ ಕುಳಿತಿದ್ದ. ದೇವಕ್ಕ ವೇದಿಕೆಯಿಂದಲೇ ಅವನಿಗೆ ಕೈ ಮುಗಿದರು. ಸಾವಿರ ತಲೆಗಳು ಹಿಂದಕ್ಕೆ ಹೊರಳಿದವು.

ಮುತ್ತಪ್ಪ ಎದ್ದು ನಿಂತ. ಅಷ್ಟು ಜನರ ಮುಂದೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಯಾರೋ ಮೈಕು ತಂದು ಕೈಗೆ ಕೊಟ್ಟರು. ಮಹಾನಂದಾ ಬೇಡ, ಅವರಿಗೆ ತ್ರಾಸು ಕೊಡಬೇಡಿ ಎಂದು ಮುಂದೆ ಬರುವಷ್ಟರಲ್ಲಿ ಅವನೇ ಬಾಯಿ ತೆರೆದ.

"ನಮಸ್ಕಾರ್ರಿ. ಇಂದ್ರವ್ವ ಒಬ್ಬಾಕೀನ ರೊಟ್ಟಿ ಬಡದಾಳ ಅಂತ ಎಲ್ಲಾರೂ ತಿಳ್ಕೊಂಡೀರಿ," ಎಂದು ನಿಲ್ಲಿಸಿದ. ಇಂದ್ರವ್ವ ಬಾಯಿಗೆ ಸೆರಗು ಹಿಡಿದಳು. "ಬಾಗ್ಲಾ ಹಾಕ್ಕೊಂಡು ನಾನೂ ಬಡದೀನ್ರಿ. ಈಗೂ ಬಡೀತೇನಿ. ಆಕಿಂದಕಿಂತ ನಂದ ತೆಳ್ಳಗ ಇರ್ತೈತಿ."

ಮುಂದಿನ ಸಾಲಿನ ಮುದುಕಿಯೊಬ್ಬಳು ನಕ್ಕಳು, ಆ ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಅಣಕದ ನಗು ಅದಲ್ಲ. ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಚಪ್ಪಾಳೆ ತಟ್ಟಿದರು. ಇಂದ್ರವ್ವ ಎದ್ದು, ಯಾವುದು ತೆಳ್ಳಗೆ ಎಂದು ಮನೆಗೆ ಹೋಗಿ ನೋಡೋಣ ಎಂದು ಗಂಡನ ಕೈಯಿಂದ ಮೈಕು ಇಸಿದುಕೊಂಡು ತಂದವರಿಗೆ ಕೊಟ್ಟುಬಿಟ್ಟಳು. ಮಹಾನಂದಾ ಫೋಟೊ ತೆಗೆಯುವುದನ್ನೇ ಮರೆತಿದ್ದಳು. ಆ ದಿನದ ಚಿತ್ರ ಹಿಡಿಕಾಳಿನ ಕಚೇರಿಯಲ್ಲಿ ಒಂದೂ ಇಲ್ಲ.

ಮಧು ಹೆದರಿದಂತೆ ಆಗಲಿಲ್ಲ. ಕೆಲವು ಪೇಪರಿನವರು ತಪ್ಪು ಒಪ್ಪಿಕೊಂಡದ್ದನ್ನು ಒಳಪುಟದಲ್ಲಿ ನಾಲ್ಕು ಸಾಲು ಹಾಕಿದರು, ಕೆಲವರು ಹಾಕಲೇ ಇಲ್ಲ. ಸುಳ್ಳು ಸಾಲು ಹೋದಷ್ಟು ದೂರ ನಿಜದ ಸಾಲು ಹೋಗುವುದಿಲ್ಲ ಎಂದು ಮಹಾನಂದಾಗೆ ಆಗ ತಿಳಿಯಿತು. ಹಳೆಯ ಸುದ್ದಿಗಳನ್ನು ಹುಡುಕಿ ಹುಡುಕಿ, ಪ್ರಕಟಿಸಿದವರಿಗೆಲ್ಲ ತಿದ್ದುಪಡಿ ಬರೆದಳು. ಉತ್ತರ ಬಂದದ್ದು ಕಡಿಮೆ. ದೇವಕ್ಕ ಹೊರದೇಶಕ್ಕೆ ಹೋಗಿ ಪ್ರಶಸ್ತಿ ತೆಗೆದುಕೊಂಡು ಬಂದರು. ಅಲ್ಲಿಯ ವಿಮಾನ ನಿಲ್ದಾಣದಿಂದ ಫೋನು ಮಾಡಿ, ಇಲ್ಲಿ ಚಳಿ ಬಹಳ ಇದೆ, ನೀನು ಇಟ್ಟ ಉಣ್ಣೆ ಕಾಲುಚೀಲ ಸಿಗುತ್ತಿಲ್ಲ ಎಂದರು. ಸಣ್ಣ ಚೀಲದ ಹೊರಗಿನ ಕಿಸೆಯಲ್ಲಿ ಎಂದು ಮಹಾನಂದಾ ಹೇಳಿದಳು.

ಗೋಡೆಗಳು ಉಳಿದಿದ್ದವು. ಪೇಂಟರಿಗೆ ಹೇಳಿ ಅಳಿಸಿಬಿಡಬಹುದಿತ್ತು. ಮಹಾನಂದಾ ತಾನೇ ಹೋಗುತ್ತೇನೆ ಎಂದು ಹಟ ಹಿಡಿದಳು. ರಜೆಯ ದಿನ ಬಾಳುವಿನ ಮೋಟಾರ್ ಸೈಕಲ್ಲಿನ ಹಿಂದೆ ಸುಣ್ಣದ ಬಕೆಟ್ಟು ಹಿಡಿದು ಊರೂರಿಗೆ ಹೊರಟಳು. ಪ್ರತಿ ಊರಿನಲ್ಲೂ ಯಾಕೆ ಅಳಿಸುತ್ತೀರಿ ಎಂದು ಜನ ಕೇಳುತ್ತಿದ್ದರು. ಪ್ರತಿ ಊರಿನಲ್ಲೂ ನಿಂತು ಹೇಳುತ್ತಿದ್ದಳು.

ದೇಗಾಂವದ ಸಾಲೆಯ ಗೋಡೆ ದೊಡ್ಡದು. ಅವಳು ಬಳಿದ ಸುಣ್ಣ ಒಣಗಿದ ಮೇಲೂ ಒಳಗಿನ ಅಕ್ಷರ ಕಾಣಿಸುತ್ತಲೇ ಇತ್ತು. ಅವತ್ತು ಮುತ್ತಪ್ಪ, ಕಿತ್ತೂರಿಗೆ ರೊಟ್ಟಿ ಕೊಡಲು ಬಂದವನು, ವಿಷಯ ತಿಳಿದು ಅಲ್ಲಿಗೆ ಬಂದ. ಗೋಡೆ ನೋಡಿದ, ಬಕೆಟ್ಟಿನೊಳಗೆ ಬೆರಳದ್ದಿ ನೋಡಿದ. ಸುಣ್ಣ ನೀರಾಗಿದೆ, ಇದಕ್ಕೆ ಅಂಟು ಹಾಕಬೇಕು, ಮೊದಲು ಗೋಡೆ ತಿಕ್ಕಿ ತೊಳೆಯಬೇಕು ಎಂದ. ನೀವು ಮಾಡಬೇಡಿ ಅಣ್ಣಾರ, ಇದು ನಾನು ಮಾಡುವ ಕೆಲಸ ಎಂದು ಅವಳು ತಡೆದಳು. ಗೌಂಡಿಯಾಗಿದ್ದ ಅವನಿಗೆ ಕೆಟ್ಟ ಕೆಲಸ ನೋಡುತ್ತ ನಿಲ್ಲಲು ಆಗಲಿಲ್ಲ. ಅಂಗಿಯ ತೋಳು ಮಡಚಿದ. ಬಾಳು ನೀರು ಹೊತ್ತು ತಂದ. ಮಧ್ಯಾಹ್ನದ ಹೊತ್ತಿಗೆ ಗೋಡೆ ಬೆಳ್ಳಗಾಯಿತು. ಮೂವರೂ ಬೇವಿನ ಗಿಡದ ಕೆಳಗೆ ಕುಳಿತು ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದರು.

ಮಹಾನಂದಾ ಇನ್ನೂ ಹಿಡಿಕಾಳಿನಲ್ಲೇ ಇದ್ದಾಳೆ. ಈಗ ಅವಳು ಯಾರ ಬಗ್ಗೆ ಬರೆದರೂ ಅವರ ಮನೆಗೇ ಹೋಗಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅದರಿಂದ ಸುದ್ದಿ ತಡವಾಗುತ್ತದೆ, ವರದಿಗಾರರು ಬೈಯುತ್ತಾರೆ. ಮೊನ್ನೆ ರಾಮದುರ್ಗದ ನೇಕಾರ ಹೆಂಗಸೊಬ್ಬಳ ಮಗ್ಗದ ಪಕ್ಕ ಕುಳಿತು ಓದುತ್ತಿದ್ದಳು. ಆ ಹೆಂಗಸು ಮೊದಲ ಸಲ ಕೇಳಿ, ಅತ್ತೆಯ ಹೆಸರು ಬಿಟ್ಟುಹೋಗಿದೆ, ಮಗ್ಗ ಕಲಿಸಿದವಳು ಅವಳೇ ಎಂದಳು. ಸೇರಿಸಿ ಓದಿದಾಗ, 'ಕಷ್ಟದ ದಿನಗಳು' ಎಂಬ ಮಾತು ಬೇಡ, ಆ ದಿನಗಳಲ್ಲೂ ನಾವು ನಕ್ಕಿದ್ದೇವೆ ಎಂದಳು. ಮಹಾನಂದಾ ಅದನ್ನೂ ತೆಗೆದಳು. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಅದು ಹೋದರೆ ಮುಂದಿನದಕ್ಕೆ ಎರಡು ತಾಸು ಕಾಯಬೇಕು.

"ತಡೀರಿ," ಎಂದಳು ಆ ಹೆಂಗಸು, ಮಗ್ಗ ನಿಲ್ಲಿಸಿ. "ಇನ್ನೊಮ್ಮಿ ಮೊದಲಿಂದ ಓದ್ರಿ."

ಮಹಾನಂದಾ ಕಾಗದವನ್ನು ಬೆಳಕಿಗೆ ಹಿಡಿದು ಮೊದಲಿನಿಂದ ಓದತೊಡಗಿದಳು.